ಗಂಟಲ ಔಷಧ ಮತ್ತು ಸರೇಸಿನ ತಟ್ಟೆ

ನಮ್ಮವರ ಧ್ವನಿ ಒಮ್ಮೆಲೇ ಹೋದದ್ದಲ್ಲ. ಚಳಿಗಾಲದಲ್ಲಿ ಒರಟಾಯಿತು, ಬೇಸಿಗೆಯಲ್ಲಿ ಒಡೆಯಿತು. ಮಳೆ ಹಿಡಿಯುವುದಕ್ಕೆ ಮುಂಚಿನ ಒಂದು ಆದಿತ್ಯವಾರ ಹಳಿಯಾಳದ ನಮ್ಮ ಸಣ್ಣ ಕ್ರೈಸ್ತ ದೇವಾಲಯದಲ್ಲಿ ಆಶೀರ್ವಾದ ಹೇಳಲು ಅವರು ಕೈ ಎತ್ತಿ ನಿಂತಾಗ ಬಾಯಿಂದ ಬರೇ ಗಾಳಿ ಬಂತು. ಜನ ತಲೆ ಬಗ್ಗಿಸಿಕೊಂಡು ಕಾಯುತ್ತಲೇ ಇದ್ದರು. ಕೊನೆಗೆ ಅವರು ಕೈ ಇಳಿಸಿದರು. ಎದ್ದು ಹೋಗಬೇಕೋ ಕೂತಿರಬೇಕೋ ಯಾರಿಗೂ ತಿಳಿಯಲಿಲ್ಲ. ನಾನೇ ಮೊದಲು ಎದ್ದೆ.

ನಮ್ಮ ಮನೆಯವರು ಉಪದೇಶಿ, ಸಭೆಗಳಿಗೆ ಬೋಧನೆ ಮಾಡುವವರು. ಬಿಡಾರ ಹಳಿಯಾಳದಲ್ಲಿದ್ದರೂ ಅವರ ಕೆಲಸದ ಭಾರವೆಲ್ಲ ಊರಾಚೆ. ದಾಂಡೇಲಿಯ ಮರಮುಟ್ಟಿನ ನಾಟಾ ಡಿಪೋದ ಕೂಲಿಗಳ ನಡುವೆ ಒಂದು ಕೂಟ, ಮುಂಡಗೋಡ ಕಡೆಯ ಇಂದೂರಿನಲ್ಲಿ ಒಂದು, ಜೊಯಿಡಾದಿಂದಾಚೆ ಅಡವಿಯೊಳಗೆ ನಾಲ್ಕಾರು ಗುಡಿಸಲುಗಳ ಒಂದು ವಾಡೆಯಲ್ಲಿ ಮತ್ತೊಂದು. ಸೈಕಲ್ಲು, ನಾಟಾ ಲಾರಿ, ಕಾಲ್ನಡಿಗೆ, ಹೇಗಾದರೂ ಸರಿ, ಮೂರೂ ಕಡೆ ಸುತ್ತಿ ಬರುತ್ತಿದ್ದರು. ಅವರು ಹೋದ ವಾರ ಕೂಟ, ಹೋಗದ ವಾರ ಇಲ್ಲ. ಅಲ್ಲಿಯ ಜನರಿಗೆ ಆರಾಧನೆ ಅಂದರೆ ಅವರ ಧ್ವನಿಯೇ ಆಗಿತ್ತು.

ಧಾರವಾಡದ ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, ಧ್ವನಿ ಹುಟ್ಟುವ ಜಾಗದಲ್ಲೇ ಗಂಟು ಬೆಳೆದಿದೆ ಅಂದರು. ಮಾತು ಬೇಡ, ಪಿಸುಮಾತೂ ಬೇಡ. ಸಣ್ಣ ಸೀಸೆಯಲ್ಲಿ ಅಯೋಡಿನ್, ದೊಡ್ಡ ಬಾಟಲಿಯಲ್ಲಿ ಗ್ಲಿಸರಿನ್ ಕೊಟ್ಟು, ಎರಡನ್ನೂ ಕಲಸಿ ಉದ್ದ ಕಡ್ಡಿಯ ತುದಿಗೆ ಅರಳೆ ಸುತ್ತಿ ಗಂಟಲಿಗೆ ಹಚ್ಚುವುದನ್ನು ನನಗೆ ಕಲಿಸಿದರು. ಗ್ಲಿಸರಿನ್ ಜೋಪಾನ, ಎಲ್ಲವೂ ಯುದ್ಧದ ಮದ್ದುಗುಂಡಿಗೆ ಹೋಗುತ್ತಿದೆ, ಹುಬ್ಬಳ್ಳಿಯ ಅಂಗಡಿಗಳಲ್ಲೂ ಸಿಗುವುದಿಲ್ಲ ಅಂತ ಎರಡು ಸಲ ಹೇಳಿದರು. ವಾಸಿಯಾಗುತ್ತದೆಯೇ ಎಂದು ನಾನು ಕೇಳಿದೆ. ನುಂಗುವುದು ಸುಲಭವಾಗುತ್ತದೆ ಅಂದರು. ಅಷ್ಟು ಸಿಕ್ಕಿತಲ್ಲ ಎಂದು ದೇವರನ್ನು ನೆನೆದು ಎದ್ದು ಬಂದೆ. ಔಷಧ ಹಚ್ಚಿದ ದಿನ ಅವರು ಒಂದು ಬಟ್ಟಲು ಗಂಜಿ ಪೂರ್ತಿ ಕುಡಿಯುತ್ತಿದ್ದರು. ಹಚ್ಚದ ದಿನ ಅರ್ಧಕ್ಕೇ ಬಟ್ಟಲು ಸರಿಸುತ್ತಿದ್ದರು.

ಅದೇ ವಾರ ಧಾರವಾಡದ ಅಯ್ಯನವರು ಮನೆಗೆ ಬಂದರು. ಈ ಭಾಗದ ಸಭೆಗಳ ಮೇಲ್ವಿಚಾರಣೆ ಅವರದು. ಯುದ್ಧ ಶುರುವಾದಾಗ ಮಿಷನ್ನಿನ ಜರ್ಮನ್ ದೊರೆಗಳನ್ನು ಸರಕಾರ ಶತ್ರುದೇಶದವರೆಂದು ಒಯ್ದು ಸೆರೆಯಲ್ಲಿ ಇಟ್ಟ ಮೇಲೆ ಎಲ್ಲ ಭಾರ ಇವರೊಬ್ಬರ ಹೆಗಲಿಗೆ ಬಿದ್ದಿತ್ತು. ಒಳ್ಳೆಯ ಮನುಷ್ಯರು, ದಣಿದಿದ್ದರು. ಚಹಾ ಮುಟ್ಟದೆ ವಿಷಯಕ್ಕೆ ಬಂದರು.

“ನಿಮ್ಮ ಜಾಗಾಕ್ಕ ಕಳಸಾಕ ನನ್ನ ಹತ್ರ ಒಬ್ಬರೂ ಇಲ್ಲ. ಮೂರೂ ಕೂಟ ಸದ್ಯಕ್ಕ ನಿಲ್ಲಸೂಣು. ಮುಂದ ನೋಡೂಣು.”

ನಮ್ಮವರು ಪಾಟಿ, ಬಳಪ ತೆಗೆದುಕೊಂಡರು. ಧಾರವಾಡದಿಂದ ಬಂದಾಗಿನಿಂದ ಅವರ ಮಾತೆಲ್ಲ ಪಾಟಿಯ ಮೇಲೆ. ದಾಂಡೇಲಿಯಲ್ಲಿ ಡಿಪೋದವರು ಒಂದು ಛಪ್ಪರ ಕೊಟ್ಟಿರುವುದೇ ಆದಿತ್ಯವಾರ ಅಲ್ಲಿ ಕೂಟ ನಡೆಯುತ್ತದೆ ಎಂದು, ಎರಡು ತಿಂಗಳು ಖಾಲಿ ಬಿಟ್ಟರೆ ಅದರಲ್ಲಿ ಹಗ್ಗ, ಕೊಡಲಿ ತುಂಬುತ್ತಾರೆ ಎಂದು ಬರೆದರು. ಒರೆಸಿ, ಇಂದೂರಿನವರು ನೆರೆಹೊರೆಯ ಚುಚ್ಚುಮಾತಿನ ನಡುವೆ ಕೂಡುತ್ತಾರೆ, ಒಮ್ಮೆ ಬಿಟ್ಟರೆ ನಾಚಿಕೆಗೇ ಮತ್ತೆ ಕೂಡುವುದಿಲ್ಲ ಎಂದು ಬರೆದರು. ಮತ್ತೂ ಒರೆಸಿ, ‘ಮಾತು ಹೋಗಿದೆ, ಕೈ ಇದೆ’ ಎಂದು ಬರೆದು ತೋರಿಸಿದರು.

ಅಯ್ಯನವರು ಪಾಟಿ ಓದಿ ಕೆಳಗಿಟ್ಟರು. ಮಳೆಗಾಲ ತೀರಿದ ಮೇಲೆ ತಾವೇ ಮೂರೂ ಕಡೆ ಹೋಗಿ ನೋಡುವುದಾಗಿಯೂ, ಕೂಟ ನಡೆದಿದ್ದರೆ ನಡೆಸುವುದಾಗಿಯೂ, ನಿಂತಿದ್ದರೆ ಅಲ್ಲಿಗೆ ಮುಗಿಯಿತೆಂದೂ ಹೇಳಿ ಹೋದರು.

ಬರೆದು ಕಳಿಸುವುದು ಸರಿ. ಆದರೆ ಎಷ್ಟು ಪ್ರತಿ? ಮಳೆಗಾಲದಲ್ಲಿ ಹಳ್ಳ ತುಂಬಿದರೆ ಒಂದೇ ವಾಡೆಯ ಆಚೆ ಮನೆಯವರು ಈಚೆ ಮನೆಗೆ ಬರಲಾರರು. ಹಾಡು, ಪ್ರಾರ್ಥನೆ, ವೇದಪಾಠ, ಒಂದು ಪ್ರಸಂಗ, ಇಷ್ಟೂ ಇರುವ ಹಾಳೆ ಮನೆಗೊಂದು ಸಿಕ್ಕರೆ ಮಾತ್ರ ಕೂತಲ್ಲೇ ಆರಾಧನೆ ನಡೆದೀತು. ಕಾರ್ಬನ್ ಕಾಗದ ಆಗ ಕಣ್ಣಿಗೆ ಬೀಳುತ್ತಿರಲಿಲ್ಲ. ಮುದ್ರಣಾಲಯದವರು ಕಾಗದವಿಲ್ಲವೆಂದು ಕೈ ಚೆಲ್ಲಿದ್ದರು. ಆಗ ನನಗೆ ನಾನು ಓದಿದ ಧಾರವಾಡದ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯ ತಟ್ಟೆ ನೆನಪಾಯಿತು. ಪರೀಕ್ಷೆಯ ಪ್ರಶ್ನೆಗಳನ್ನು ಅಲ್ಲಿಯ ದೊಡ್ಡ ಬಾಯಾರು, ಅಂದರೆ ಮುಖ್ಯ ಶಿಕ್ಷಕಿ, ಒಂದು ಅಂಟಿನ ತಟ್ಟೆಯ ಮೇಲೆ ಒತ್ತಿ ಪ್ರತಿ ತೆಗೆಯುತ್ತಿದ್ದರು. ನಮಗೆ ಹುಡುಗಿಯರಿಗೆ ಅದು ಹಲ್ವದ ಹಾಗೆ ಕಾಣುತ್ತಿತ್ತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಾಯಾರನ್ನು ಕಂಡೆ. ಅವರು ಮಾಡುವ ಬಗೆ ಹೇಳಿ, ಒಂದು ಸೀಸೆ ನೇರಳೆ ಶಾಯಿಯನ್ನೂ ತಮ್ಮಲ್ಲಿ ಉಳಿದಿದ್ದ ಸ್ವಲ್ಪ ಗ್ಲಿಸರಿನ್ನನ್ನೂ ಕೊಟ್ಟರು. ಇನ್ನು ತಮ್ಮ ಶಾಲೆಯ ಮಕ್ಕಳು ಪ್ರಶ್ನೆ ಹಲಗೆಯ ಮೇಲೆ ನೋಡಿ ಬರೆಯಲಿ, ಅದರಿಂದ ಯಾರೂ ಸಾಯುವುದಿಲ್ಲ ಅಂದರು.

ಮಾಡುವ ಬಗೆ ಹೀಗೆ. ಬಡಿಗೇರು ಕಟ್ಟಿಗೆ ಅಂಟಿಸಲು ಬಳಸುವ ಚರ್ಮದ ಅಂಟು, ಸರೇಸು, ಅದನ್ನು ಒಡೆದು ತಣ್ಣೀರಿನಲ್ಲಿ ನೆನೆಯಿಡಬೇಕು. ಬೆಳಗ್ಗೆ ಅದು ಉಬ್ಬಿ ಮೆತ್ತಗಾಗಿರುತ್ತದೆ. ನೀರು ಬಸಿದು, ಕಾಯುವ ನೀರಿನ ಪಾತೇಲಿಯೊಳಗೆ ಇನ್ನೊಂದು ಪಾತೇಲಿ ಇಟ್ಟು ಅದರಲ್ಲಿ ಕರಗಿಸಬೇಕು. ಕರಗಿದ ಮೇಲೆ ಗ್ಲಿಸರಿನ್, ಒಂದಿಷ್ಟು ಸಕ್ಕರೆ. ಅಂಚು ಎತ್ತಿದ ತಗಡಿನ ತಟ್ಟೆಗೆ ಸುರಿದು, ಮೇಲೆ ಬಂದ ಗುಳ್ಳೆಗಳನ್ನು ಕಾಗದದ ಅಂಚಿನಿಂದ ಒಂದು ಬದಿಗೆ ಎಳೆದು, ಮಟ್ಟಸ ಜಾಗದಲ್ಲಿ ಅಲುಗಾಡದಂತೆ ಬಿಡಬೇಕು. ಗ್ಲಿಸರಿನ್ನೇ ಅದರ ಜೀವ. ಅದಿಲ್ಲದಿದ್ದರೆ ಒಣಗಿ ಬಿರಿಯುತ್ತದೆ.

ಪೇಟೆಯ ತಗಡಿನ ಕೆಲಸದವನಿಂದ ತಟ್ಟೆ ಮಾಡಿಸಿದೆ. ಮೊದಲ ಸಲ ಅವಸರ ಮಾಡಿ ಸರೇಸನ್ನು ನೇರ ಒಲೆಯ ಮೇಲೆ ಇಟ್ಟೆ. ತಳ ಹಿಡಿದು ಓಣಿಗೆಲ್ಲ ವಾಸನೆ ಹಬ್ಬಿತು. ನಮ್ಮ ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತರು.

“ಸೊಸಿ ಚರ್ಮದ ಪಾಯಸಾ ಮಾಡ್ಯಾಳ. ಯಾರ್ಯಾರು ಉಣ್ತೀರಿ ಬರ್ರಿ.”

ನಮ್ಮವರ ಹೆಗಲು ಕುಲುಕಾಡಿತು. ಅವರು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಸುಟ್ಟ ಸರೇಸಿಗಾಗಿ ನಾನು ಮರುಗಲಿಲ್ಲ.

ಎರಡನೆಯ ಸಲ ನೀರು ಹೆಚ್ಚಾಗಿ ಕಾಗದ ತಟ್ಟೆಗೇ ಅಂಟಿ ಹರಿದು ಬಂತು. ಪುಣ್ಯಕ್ಕೆ ಅಂಟು ಕೆಟ್ಟಿರಲಿಲ್ಲ. ಮತ್ತೆ ಕರಗಿಸಿ ನೀರು ಇಂಗಿಸಿದೆ. ಮೂರನೆಯ ಸಲ ಬೆರಳು ಊರಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುವಷ್ಟು ಹದವಾಯಿತು. ನಮ್ಮವರು ನುಣುಪು ಕಾಗದದ ಮೇಲೆ ನೇರಳೆ ಶಾಯಿಯಿಂದ ಬರೆದರು. ಅದನ್ನು ಶಾಯಿ ಹೀರುವ ಒತ್ತುಕಾಗದದಿಂದ ಒತ್ತದೆ ಹಾಗೇ ಆರಿಸಿ, ತಟ್ಟೆಯನ್ನು ಒದ್ದೆ ಅರಿವೆಯಿಂದ ಸವರಿ, ಬರೆದ ಮಗ್ಗುಲು ಕೆಳಗಾಗಿ ಮಲಗಿಸಿ ಅಂಗೈಯಿಂದ ಸವರಿದೆ. ಸ್ವಲ್ಪ ಹೊತ್ತು ಬಿಟ್ಟು ಮೂಲೆ ಹಿಡಿದು ಎಬ್ಬಿಸಿದರೆ ಅಕ್ಷರಗಳೆಲ್ಲ ಉಲ್ಟಾ ತಿರುಗಿ ತಟ್ಟೆಯೊಳಗೆ ಕೂತಿದ್ದವು. ಮೇಲೆ ಖಾಲಿ ಹಾಳೆ ಇಟ್ಟು ಸವರಿ ತೆಗೆದರೆ ನೆಟ್ಟಗೆ ಮೂಡಿದವು, ಒತ್ತಕ್ಷರ ಸಮೇತ. ಮೊದಲ ಹಾಳೆಗಳು ಗಾಢ. ಬರಬರುತ್ತ ತಿಳಿಯಾಗುತ್ತವೆ. ಮೂವತ್ತರ ಮೇಲೆ ಕಣ್ಣು ಕಿರಿದು ಮಾಡಿ ಓದಬೇಕು. ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅರಿವೆ ಅದ್ದಿ ಒರೆಸಿದರೆ ತಟ್ಟೆ ಮತ್ತೆ ಬರೆಸಿಕೊಳ್ಳಲು ತಯಾರು.

ಕಾಗದದ ಚಿಂತೆಯನ್ನು ದಾಂಡೇಲಿ ಡಿಪೋದ ಕಾರಕೂನರು ನೀಗಿದರು. ಅವರು ನಮ್ಮ ಸಭೆಯವರೇ, ಅಲ್ಲಿಯ ಕೂಟಕ್ಕೆ ಓದುವ ಜವಾಬ್ದಾರಿಯೂ ಅವರದೇ. ಸಾಹೇಬರನ್ನು ಕೇಳಿ, ಒಂದು ಮಗ್ಗುಲು ಬರೆದು ಬಿಸಾಡಿದ ಡಿಪೋದ ರದ್ದಿ ಹಾಳೆಗಳ ಕಟ್ಟು ತಂದುಕೊಟ್ಟರು. ಹೀಗೆ ಒಂದು ಮಗ್ಗುಲಿಗೆ ಸಾಗವಾನಿ ತೊಲೆಗಳ ಉದ್ದ-ಸುತ್ತಳತೆ, ಇನ್ನೊಂದು ಮಗ್ಗುಲಿಗೆ ಪಶ್ಚಾತ್ತಾಪದ ಪ್ರಸಂಗ. ಒಂದೇ ಹಾಳೆಯಲ್ಲಿ ಹಿಡಿಸಬೇಕಾದ್ದರಿಂದ ಗಂಟೆಗಟ್ಟಲೆ ಹೇಳುತ್ತಿದ್ದವರು ಅಂಗೈ ಅಗಲದಲ್ಲಿ ಮುಗಿಸುವುದನ್ನು ಕಲಿತರು. ನಾನು ಓದಿ ಕೇಳಿಸಿದಾಗ ಅತ್ತೆಯವರು ಮಗನತ್ತ ತಿರುಗಿ, “ಮೊದಲಽ ಇಷ್ಟ ಸಣ್ಣದಾಗಿ ಹೇಳಿದ್ರ ಗಂಟಲಾ ಉಳೀತಿತ್ತಲ್ಲೋ ಪುಣ್ಯಾತ್ಮಾ” ಅಂದರು. ಹೇಳಿ, ಅತ್ತ ಮುಖ ಮಾಡಿ ಸೆರಗು ಕಣ್ಣಿಗೆ ಒತ್ತಿಕೊಂಡರು.

ಗುರುವಾರ ಬರೆಯುವುದು, ಶುಕ್ರವಾರ ಒತ್ತುವುದು, ಶನಿವಾರ ಕಳಿಸುವುದು. ಪೆಟ್ರೋಲ್ ಇಲ್ಲದ್ದರಿಂದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಇಂದೂರಿನ ಕಟ್ಟು ಮುಂಡಗೋಡ ಬಸ್ಸಿನ ಕಂಡಕ್ಟರನ ಕೈಗೆ. ದಾಂಡೇಲಿಯ ಕಟ್ಟನ್ನು ಕಾರಕೂನರೇ ಒಯ್ಯುತ್ತಿದ್ದರು. ಅಲ್ಲಿಂದ ಜೊಯಿಡಾದ ಕಟ್ಟು ಟಪಾಲಿನವನ ಚೀಲದಲ್ಲಿ ನದಿ ದಾಟಿ ಹೋಗುತ್ತಿತ್ತು. ಡಿಪೋದ ಛಪ್ಪರ ತುಂಬುತ್ತಿದೆ ಎಂದು ಕಾರಕೂನರು ಹೇಳಿದಾಗ ನಮ್ಮವರು ಪಾಟಿ ಮಡಿಲಿಗೆ ಎಳೆದುಕೊಂಡು ಮುಂದಿನ ಪ್ರಸಂಗ ಬರೆಯತೊಡಗಿದರು.

ಆಮೇಲೆ ಜೊಯಿಡಾದ ಕಡೆಯಿಂದ ಸುದ್ದಿ ಬಂತು. ನಮ್ಮ ಹಾಳೆಯಿಂದ ಒಂದು ಮಗುವಿಗೆ ವಿಷವೇರಿದೆ, ತುಟಿ ನಾಲಗೆ ನೀಲಿಯಾಗಿದೆ, ಉಪದೇಶಿಯ ಕಾಗದ ಇನ್ನು ಈ ವಾಡೆಗೆ ಬರಕೂಡದು ಎಂದು ಅಲ್ಲಿಯ ಹಿರಿಯರು ಹೇಳಿದ್ದಾರೆ ಅಂತ. ಟಪಾಲಿನವನು ಕಾರಕೂನರಿಗೆ, ಕಾರಕೂನರು ನಮಗೆ ಹೇಳಿದರು. ನಮ್ಮವರು ಹೋಗುವ ಸ್ಥಿತಿಯಲ್ಲಿರಲಿಲ್ಲ. ನಾನೇ ಹೊರಟೆ.

ದಾಂಡೇಲಿಯವರೆಗೆ ಬಸ್ಸು, ಮುಂದೆ ಎತ್ತಿನ ಗಾಡಿ, ಹೊಳೆಗೆ ದೋಣಿ, ಆಮೇಲೆ ಜಿಗಣೆಗಳ ದಾರಿ. ಆ ವಾಡೆಯಲ್ಲಿ ತಡವರಿಸದೆ ಓದಬಲ್ಲವಳು ಒಬ್ಬಳೇ, ನಮ್ಮ ಬೋರ್ಡಿಂಗ್ ಶಾಲೆಯಲ್ಲೇ ಕಲಿತು ಅಲ್ಲಿಗೆ ಮದುವೆಯಾಗಿ ಹೋದ ಕೊಂಕಣಿ ಹುಡುಗಿ. ಮಗು ಅವಳ ಮೈದುನನದು. ಅಂಗಳದಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತಿತ್ತು, ಚಳಿಜ್ವರ ಬಂದು ಇಳಿದಿದ್ದ ಮಗು, ತುಟಿಯೆಲ್ಲ ನೇರಳೆ. ನನ್ನನ್ನು ನೋಡಿ ನಾಲಗೆ ಚಾಚಿತು. ಅದೂ ನೇರಳೆ. ಜೀವಕ್ಕೇನೂ ಆಗಿರಲಿಲ್ಲ. ಅಲ್ಲೇ ಕೆಸರಿನಲ್ಲಿ ಮೊಣಕಾಲೂರಿ ಸ್ತೋತ್ರ ಹೇಳಿದೆ.

ಹಾಳೆಯನ್ನು ಏನು ಮಾಡಿದಿರಿ ಎಂದು ಕೇಳಿದೆ. ಅವಳು ತಲೆ ತಗ್ಗಿಸಲಿಲ್ಲ.

“ಓದಿದೆ, ಬಾಯಾರ. ಎಲ್ಲಾರಿಗೂ ಓದಿ ಹೇಳಿದೆ. ಓದಿದ ಮ್ಯಾಲೆ ಕಾಗದಾ ಏನು ಮಾಡಬೇಕಂತ ನೀವು ಹೇಳಲೇ ಇಲ್ಲ.”

“ಏನು ಮಾಡೂದು? ಇಟ್ಕೋಬೇಕು.”

“ಎಲ್ಲೆ ಇಡೂದ್ರಿ? ಛಪ್ಪರಾ ಸೋರ್ತೈತಿ, ಗೆದ್ದಲಿ ತಿಂತಾವು. ದೇವರ ಮಾತು ಬರದಿದ್ದು ಕಾಲಾಗ ಬೀಳಬಾರದಲ್ರಿ. ಒಲ್ಯಾಗ ಹಾಕಬಾರದಲ್ರಿ. ಅದಕ್ಕ ನೀರಾಗ ತೊಳದು ಎಲ್ಲಾರೂ ಒಂದೊಂದ ಗುಟಕು ಕುಡದ್ವಿ. ಕೂಸಿಗೆ ಜ್ವರಾ ಇತ್ತಂತ ಅಜ್ಜಿ ಎರಡು ಸಲ ಕುಡಿಸ್ಯಾಳ.”

ನಾಟಾ ಡಿಪೋದ ರದ್ದಿಯನ್ನು ಈ ಜನ ಹಾಗೆ ಗೌರವಿಸಿದ್ದರು. ಅವರ ಹಿರೀಕರು ಮಂತ್ರ ಬರೆದ ಎಲೆಯನ್ನು ತೊಳೆದು ಕುಡಿಯುತ್ತಿದ್ದರಂತೆ. ಹಾಳೆಯನ್ನೂ ಹಾಗೇ ಕಂಡಿದ್ದರು. ಬಿಸಾಡದೆ, ಸುಡದೆ, ಒಳಗೆ ಇಳಿಸಿಕೊಂಡಿದ್ದರು. ಹಾಳೆ ಬರಕೂಡದೆಂದವರೂ ಅವರೇ, ಕುಡಿದವರೂ ಅವರೇ. ಹಿರಿಯರ ಜೊತೆ ಕೂತು ಮಾತಾಡಿ, ಅದು ಶಾಯಿಯ ಬಣ್ಣವೇ ಹೊರತು ವಿಷವಲ್ಲ ಎಂದು ಒಪ್ಪಿಸಿದೆ. ಓದಿದ ಹಾಳೆಗಳನ್ನು ಬಿದಿರಿನ ಕೊಳವೆಯಲ್ಲಿ ಸುರುಳಿ ಸುತ್ತಿ ತುಂಬಿ ಬೆಣೆ ಹೊಡೆದು ಜಂತಿಗೆ ಕಟ್ಟುವುದೆಂದು ಗೊತ್ತಾಯಿತು. ಹೊರಡುವಾಗ ಅಜ್ಜಿ ನಮ್ಮವರ ಗಂಟಲಿಗೆಂದು ಒಂದು ಸೋರೆಬುರುಡೆ ತುಂಬ ಕಾಡುಜೇನು ಕೊಟ್ಟಳು.

ಮನೆಗೆ ಬಂದರೆ ತಟ್ಟೆ ಕೊಳೆತಿತ್ತು. ನಾನಿಲ್ಲದಾಗ ಯಾರೂ ಮುಚ್ಚಳ ತೆಗೆದು ಗಾಳಿ ಆಡಿಸಿರಲಿಲ್ಲ. ತೇವಕ್ಕೆ ಮೇಲೆಲ್ಲ ಹಸಿರು ಬೂಸ್ಟು, ಕೆಳಗೆ ನೀರು ಬಿಟ್ಟು ನಾತ. ಚರ್ಮದ ಅಂಟಲ್ಲವೇ, ಚರ್ಮದ ಹಾಗೇ ಕೊಳೆಯಿತು. ಹಿತ್ತಲಲ್ಲಿ ಹೂತೆ.

ಸರೇಸು ಸಿಗುತ್ತಿತ್ತು. ಗ್ಲಿಸರಿನ್ ಇರಲಿಲ್ಲ. ಅಜ್ಜಿ ಕೊಟ್ಟ ಜೇನಿನಲ್ಲಿ ಒಂದಿಷ್ಟು ಹಾಕಿ ಮಾಡಿ ನೋಡಿದೆ. ತಟ್ಟೆ ಹೆಪ್ಪುಗಟ್ಟಿದ ಹಾಗೆ ಕಂಡಿತು. ಕಾಗದ ಇಟ್ಟರೆ ಬಿಡಲೊಲ್ಲದು, ಬಿಟ್ಟರೆ ಅಕ್ಷರ ಹರಡಿ ಗಿಜಿಗಿಜಿ. ಸಂಜೆಗೆ ಇರುವೆಗಳ ಸಾಲು ಗೋಡೆ ಇಳಿದು ಬಂತು. ಬೆಲ್ಲದ ಜೋನಿ ಹಾಕಿದೆ, ಅದೂ ಅಷ್ಟೇ. ಆ ಆದಿತ್ಯವಾರ ಮೂರೂ ಕಡೆ ಹಾಳೆ ಹೋಗಲಿಲ್ಲ. ಕಾರಕೂನರು ಬರಿಗೈಯಲ್ಲಿ ಹೊರಡುವಾಗ, ಡಿಪೋದವರು ಛಪ್ಪರದ ಅಳತೆ ತೆಗೆದುಕೊಂಡು ಹೋಗಿದ್ದಾರೆ ಅಂದರು.

ನಮ್ಮವರು ಗೋಡೆಯ ಗೂಡಿನತ್ತ ನೋಡುತ್ತಿದ್ದರು. ಡಾಕ್ಟರು ಕೊಟ್ಟ ಗ್ಲಿಸರಿನ್ ಬಾಟಲಿ ಅಲ್ಲಿ ಅರ್ಧಕ್ಕಿಂತ ಮೇಲೆ ಇತ್ತು.

ನಾನು ಆ ಬಾಟಲಿಯನ್ನು ಮೊದಲೇ ನೋಡಿದ್ದೆ, ನೋಡಿ ಕಣ್ಣು ತೆಗೆದಿದ್ದೆ. ಅವರು ಪಾಟಿಯ ಮೇಲೆ ಬರೆದರು. ನಾನು ಓದಲಿಲ್ಲ. ಅತ್ತೆಯವರಿಗೆ ಓದಲು ಬಾರದು, ಆದರೆ ಮಗನ ಕಣ್ಣು ಎಲ್ಲಿದೆ ಎಂದು ಕಂಡಿತ್ತು.

“ಮಗನ ಗಂಟಲಕ್ಕ ಬಂದದ್ದನ್ನ ತಟ್ಟೀಗೆ ಸುರೀತಿಯೇನ? ಹಂಗೇನಾರ ಮಾಡಿದ್ರ ನನ್ನ ಹೆಣಾ ನೋಡ್ತಿ.”

“ನಾ ಮಾಡೂದಿಲ್ರಿ ಅತ್ತಿ” ಅಂದೆ. ಮನಸ್ಸಿನಲ್ಲೂ ಅದೇ ಇತ್ತು. ಸುಳ್ಳು ಹೇಳಲಿಲ್ಲ.

ಮರುದಿನ ಬೆಳಗ್ಗೆ ಔಷಧ ಕಲಸಿಕೊಂಡು, ಅರಳೆ ಸುತ್ತಿದ ಕಡ್ಡಿ ಹಿಡಿದು ಅವರ ಮುಂದೆ ಕೂತೆ. ಅವರು ಬಾಯಿ ತೆರೆಯಲಿಲ್ಲ. ಸಿಟ್ಟಿಲ್ಲ, ಹಟವೂ ಅಲ್ಲ, ತುಟಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತ ಕೂತರು. ಮಧ್ಯಾಹ್ನವೂ ಹಾಗೇ. ಮರುದಿನವೂ. ಗಂಜಿಗೆ ಮಾತ್ರ ಬಾಯಿ ತೆರೆದು, ಎರಡು ಗುಟುಕಿಗೆ ನೋವು ತಡೆಯಲಾರದೆ ಕಣ್ಣಲ್ಲಿ ನೀರು ತಂದುಕೊಂಡು ಬಟ್ಟಲು ಸರಿಸಿದರು.

ನಾನು ಹಿತ್ತಲಿಗೆ ಹೋಗಿ ಪ್ರಾರ್ಥನೆ ಮಾಡಿದೆ. ಉತ್ತರವೇನೂ ಬರಲಿಲ್ಲ. ಹಲವು ಸಲ ಬರುವುದಿಲ್ಲ. ಒಳಗೆ ಬಂದು ನನಗೆ ನಾನೇ ಲೆಕ್ಕ ಹೇಳಿಕೊಂಡೆ. ಹಚ್ಚಿದರೆ ಗಂಟು ಕರಗುತ್ತದೆಂದು ಡಾಕ್ಟರು ಹೇಳಿಲ್ಲ. ಹಚ್ಚಲು ಇವರು ಬಿಡುವುದಿಲ್ಲ. ಹಚ್ಚದ ಔಷಧ ಗೂಡಿನಲ್ಲಿ ಕೂತು ಯಾರಿಗೂ ಆಗುವುದಿಲ್ಲ. ಲೆಕ್ಕ ಸರಿಯಾಗಿತ್ತು. ಗೂಡಿನಿಂದ ಬಾಟಲಿ ಇಳಿಸಿಟ್ಟೆ.

ಸರೇಸು ನೆನೆಹಾಕಿದ್ದನ್ನು ಅತ್ತೆಯವರು ನೋಡಿದರು. ಪಾತೇಲಿಗೆ ಗ್ಲಿಸರಿನ್ ಸುರಿಯುವಾಗ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತರು. ಆಮೇಲೆ ಸುಗ್ಗಿಯವರೆಗೂ ನನ್ನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಆದರೆ ಮಿಕ್ಕ ಜೇನಿಗೆ ಅರಿಶಿನ ತೇಯ್ದು ಹಾಕಿ ಬೆಚ್ಚಗೆ ಮಾಡಿ, ಮಗನ ಮುಂದೆ ತಾವೇ ಕೂತರು. ಅದಕ್ಕೆ ಅವರು ಬಾಯಿ ತೆರೆದರು. ಗ್ಲಿಸರಿನ್ನಿನಷ್ಟು ತಂಪಲ್ಲ. ಒಂದು ಬಟ್ಟಲು ಗಂಜಿಯಲ್ಲಿ ಕಾಲು ಭಾಗ ಇಳಿಯುತ್ತಿತ್ತು. ಕಾಲು ಭಾಗ ಇಳಿಯಿತಲ್ಲ ಅಂದುಕೊಳ್ಳುತ್ತಿದ್ದೆ.

ಎರಡನೆಯ ತಟ್ಟೆ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಬೂಸ್ಟು ಬಾರದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದನ್ನು ಕಲಿತೆ. ಸೆಕೆ ಹೆಚ್ಚಾದರೆ ಕರಗುತ್ತದೆಂದು ಆಗಾಗ ಮುಟ್ಟಿ ನೋಡುತ್ತಿದ್ದೆ. ವಾರ ತಪ್ಪದೆ ಹಾಳೆಗಳು ಹೋದವು. ಅವರ ಕೈ ಸೋಲುತ್ತ ಬಂತು. ಸಾಲುಗಳು ಬಲಕ್ಕೆ ಇಳಿಯುತ್ತಿದ್ದವು. ಪ್ರಸಂಗಗಳು ಇನ್ನೂ ಸಣ್ಣವಾದವು. ಕೊನೆಯದರಲ್ಲಿ ಐದಾರು ಸಾಲುಗಳೇ ಇದ್ದವು.

ಆ ಕೊನೆಯದನ್ನು ಒತ್ತಿ, ದಾಂಡೇಲಿ ಮತ್ತು ಜೊಯಿಡಾದ ಪ್ರತಿ ತೆಗೆದು ಆರಲು ಹರವಿದ್ದೆ. ಇಂದೂರಿನದು ತೆಗೆಯುವುದಿತ್ತು. ಅಷ್ಟರಲ್ಲಿ ಅಯ್ಯನವರು ಸುತ್ತು ಮುಗಿಸಿ ಬಂದರು. ಹಾಸಿಗೆಯ ಹತ್ತಿರ ಕೂತು ನಮ್ಮವರ ಕಿವಿಗೆ ಬಾಗಿ, ಡಿಪೋದ ಛಪ್ಪರದಲ್ಲಿ ನಿಲ್ಲಲು ಜಾಗವಿರಲಿಲ್ಲ, ಜೊಯಿಡಾದ ವಾಡೆಯಲ್ಲಿ ಬಿದಿರ ಕೊಳವೆ ಬಿಚ್ಚಿ ಹಾಳೆಗಳನ್ನೆಲ್ಲ ತೋರಿಸಿದರು ಅಂದರು. ಎರಡೂ ನಡೆಯುತ್ತವೆ ಅಂದರು. ನಮ್ಮವರು ಕಣ್ಣು ಬಿಟ್ಟು ಕಾಯುತ್ತಿದ್ದರು. ಅಯ್ಯನವರು ನನ್ನ ಕಡೆ ನೋಡಿ, ಮತ್ತೆ ಅವರ ಕಡೆ ತಿರುಗಿ ನಿಧಾನಕ್ಕೆ ಹೇಳಿದರು.

“ಇಂದೂರಾಗ ಕೂಟಾ ನಿಂತು ಭಾಳ ದಿನಾ ಆಗೈತಿ. ಹಾಳಿ ಬಂದಾವು. ಓದವರು ಇಲ್ಲ.”

ಇಂದೂರಿನಲ್ಲಿ ಓದುತ್ತಿದ್ದವರು ಸಭೆಯ ಹಿರಿಯರೊಬ್ಬರು, ಹಳೆಯ ಶಾಲಾ ಮಾಸ್ತರರು. ಮಳೆಗಾಲದ ನಡುವೆ ಅವರ ಎರಡೂ ಕಣ್ಣಿಗೆ ಪೊರೆ ಕವಿದಿತ್ತು. ಹೇಳಿಕೊಳ್ಳಲು ಸಂಕೋಚಪಟ್ಟು ಸುಮ್ಮನಿದ್ದರು. ಬೇರೆ ಯಾರಿಗೂ ಅಕ್ಷರ ಬಾರದು. ನಾವು ಕಳಿಸಿದ ಕಟ್ಟುಗಳು ಬಿಚ್ಚದೆ ಹಾಗೇ ಪೇರಿಸಿದ್ದವಂತೆ. ತಟ್ಟೆ ಮನೆಗೊಂದು ಪ್ರತಿ ಕೊಡುತ್ತದೆ. ಓದಿ ಹೇಳುವುದಿಲ್ಲ. ಅದು ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ.

ನಮ್ಮವರು ಪಾಟಿ ಬೇಡಿದರು. ನಾನು ಹಿಡಿದೆ. ‘ಇಂದೂರಿ’ ಎಂದು ಬರೆದರು, ಮುಂದೆ ಕೈ ನಡೆಯಲಿಲ್ಲ. ಬಳಪ ಹಾಸಿಗೆಯ ಮೇಲೆ ಬಿತ್ತು. ಮರುದಿನ ಬೆಳಗ್ಗೆ ಅವರನ್ನು ಕರ್ತನು ಕರೆದುಕೊಂಡನು. ನೋವು ಕಡಿಮೆಯಿದ್ದ ಹೊತ್ತಿನಲ್ಲಿ ಹೋದರು. ಅತ್ತೆಯವರ ಕೈ ಅವರ ಎದೆಯ ಮೇಲಿತ್ತು.

ಮಣ್ಣಿಗೆ ಕೊಟ್ಟು ಬಂದ ಮೇಲೆ ಅಯ್ಯನವರು ಇಂದೂರಿನದು ಇನ್ನು ಮುಗಿದಂತೆಯೇ, ಅದಕ್ಕೆ ನಮ್ಮ ತಪ್ಪೇನಿಲ್ಲ ಎಂದು ಸಮಾಧಾನ ಹೇಳಿ ಧಾರವಾಡಕ್ಕೆ ಹೋದರು. ಮನೆ ತುಂಬ ಜನ, ಅಡಿಗೆಗೆ ನೆರೆಯವರು. ನನಗೆ ಕೈಗೆ ಕೆಲಸವಿರಲಿಲ್ಲ. ಅಟ್ಟದಿಂದ ತಟ್ಟೆ ಇಳಿಸಿದೆ. ಅವರ ಕೊನೆಯ ಹಾಳೆಯ ಅಕ್ಷರ ಇನ್ನೂ ಅದರಲ್ಲಿ ಇತ್ತು, ಆದರೆ ಶಾಯಿ ದಿನ ಕಳೆದಂತೆ ತಳಕ್ಕೆ ಇಳಿಯುತ್ತದೆ. ಒಂದು ಹಾಳೆ ಇಟ್ಟು ಬಹಳ ಹೊತ್ತು ಒತ್ತಿ ತೆಗೆದೆ. ತಿಳಿ ನೇರಳೆ, ಹೊಗೆಯ ಹಾಗೆ. ಇನ್ನೊಂದಿಟ್ಟೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಒತ್ತು, ಕೊಂಬು. ಮೂರನೆಯದರಲ್ಲಿ ಏನೂ ಮೂಡಲಿಲ್ಲ. ಮೊದಲನೆಯದನ್ನು ಆರಿಸಿ ಮಡಿಚಿಟ್ಟುಕೊಂಡೆ. ಬೆಚ್ಚಗಿನ ನೀರು ತಂದು ತಟ್ಟೆ ಒರೆಸಿದೆ.

ಮುಂದಿನ ಶನಿವಾರ ಮುಂಡಗೋಡ ಬಸ್ಸು ಹತ್ತಿ ಇಂದೂರಿಗೆ ಹೋದೆ. ಸೂತಕದ ಮನೆಯಿಂದ ಹೆಂಗಸು ಹೀಗೆ ಹೊರಡುವುದೇ ಎಂದು ಓಣಿಯವರು ಅಂದರು. ಅತ್ತೆಯವರು ಮಾತ್ರ ಬುತ್ತಿಗೆ ರೊಟ್ಟಿ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದರು.

ಮಾಸ್ತರರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹೆಜ್ಜೆ ಸಪ್ಪಳ ಕೇಳಿ ಯಾರೆಂದು ಕೇಳಿದರು. ಹೇಳಿದೆ. ನಮ್ಮವರ ಸುದ್ದಿಯನ್ನೂ ಹೇಳಿದೆ. ಅವರಿಗೆ ತಿಳಿದಿರಲಿಲ್ಲ. ಮೂಲೆಯಲ್ಲಿದ್ದ ಕಟ್ಟುಗಳ ಕಡೆ ಕೈ ತೋರಿಸಿ, “ನನ್ನ ಕೈಲೆ ಆಗಲಿಲ್ಲರಿ, ಬಾಯಾರ” ಅಂದರು.

ಅವರ ಸೊಸೆ ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಹೋಗಿ ಬಂದಳು. ಬಂದವರು ಮೂರು ಹೆಂಗಸರು, ಒಬ್ಬ ಮುದುಕ. ಚಾಪೆ ಹಾಸಿದರು. ನಾನು ಸಭೆಯ ಮುಂದೆ ಎಂದೂ ಓದಿದವಳಲ್ಲ. ನಮ್ಮಲ್ಲಿ ಅದು ಹೆಂಗಸರ ಕೆಲಸವಲ್ಲ. ಮಡಿಚಿಟ್ಟುಕೊಂಡಿದ್ದ ಹಾಳೆ ಬಿಚ್ಚಿದೆ. ಬೇರೆ ಯಾರ ಕೈಗೆ ಕೊಟ್ಟಿದ್ದರೂ ಖಾಲಿ ಕಾಗದ ಅನ್ನುತ್ತಿದ್ದರು. ಬಾಗಿಲ ಬೆಳಕಿಗೆ ಹಿಡಿದು, ಕಂಡಷ್ಟನ್ನು ಕಂಡು, ಕಾಣದಲ್ಲಿ ಅವರ ಕೈ ಹೇಗೆ ತಿರುಗುತ್ತಿತ್ತೆಂದು ನೆನೆದು ಓದಿದೆ. ಐದಾರು ಸಾಲು. ಒಬ್ಬರನ್ನೊಬ್ಬರು ಬಿಡಬೇಡಿರಿ ಎಂಬುದೇ ಅದರ ಸಾರ. ಬೇಗ ಮುಗಿಯಿತು.

ಯಾರೂ ಏಳಲಿಲ್ಲ. ಮಾಸ್ತರರು ಮೂಲೆಯ ಕಟ್ಟುಗಳಲ್ಲಿ ಒಂದನ್ನು ತರಿಸಿ, ಅದನ್ನೂ ಓದಲು ಹೇಳಿದರು. ಅದು ಮಳೆಗಾಲದ ಮೊದಲನೆಯದು, ಗಾಢ ನೇರಳೆ. ಓದಿದ ಮೇಲೆ ಹಾಡು ಹಾಡಿದೆವು. ಮುದುಕನೊಬ್ಬನಿಗೇ ರಾಗ ಸರಿಯಾಗಿ ಗೊತ್ತಿತ್ತು.

ಹೊರಡಲು ಸೆರಗು ಸರಿಮಾಡಿಕೊಂಡಾಗ ಮಾಸ್ತರರು, ಇನ್ನೂ ಎಷ್ಟು ಕಟ್ಟು ಉಳಿದಾವು ಎಂದು ಸೊಸೆಯನ್ನು ಕೇಳಿದರು. ಬೇಕಾದಷ್ಟು ಅಂದಳು.

“ಮುಂದಿನ ಆದಿತ್ಯವಾರ ಬರ್ತೀರೇನ್ರಿ, ಬಾಯಾರ?”

“ಬಸ್ ಸಿಕ್ಕರ ಬರ್ತೇನಿ.”

“ಆದಿತ್ಯವಾರ ಬಸ್ ಇರೂದಿಲ್ಲ” ಅಂದಳು ಸೊಸೆ, ಚಾಪೆ ಸುತ್ತುತ್ತ. “ಶನಿವಾರನಽ ಬಂದು ವಸ್ತಿ ಇರ್ರಿ. ನಮ್ಮಲ್ಲೇ ಉಣ್ರಿ.”